ಇಳಿಯುವಾಗ ಕೆಟ್ಟ ಕಾಲು ಮೊದಲು

ನೂರ ನಲವತ್ತನಾಲ್ಕು.
ಪರದೆಯ ಮೇಲೆ ಮೂಡಿತು, ಮೂಡಿ ಅಲ್ಲೇ ನಿಂತಿತು
ಬಾಡಿಗೆ ಕೇಳಲು ಬಂದವನ ಹಾಗೆ.
ಎರಡನೆಯ ಸಲ ಇದು. ಮೊದಲ ಸಲ ನೂರ ನಲವತ್ತಮೂರು.
ಇನ್ನೂರ ಇಪ್ಪತ್ತು ಡಾಲರು ಕಟ್ಟಿ
ಒಂದೇ ಒಂದು ಅಂಕ ಕೊಂಡುಕೊಂಡೆ.

ನ್ಯೂ ಬೆಡ್‌ಫರ್ಡಿನ ಬಂದರಿನ ಮೇಲೆ ಅಕ್ಟೋಬರಿನ ಗಾಳಿ.
ಬಸ್ಸಿಗೆ ಕಾಯುತ್ತ ಅದನ್ನು
ಮೀನಿನ ಪೊಟ್ಟಣದಂತೆ ಮಡಿಲಲ್ಲಿ ಒತ್ತಿ ಹಿಡಿದಿದ್ದೆ,
ಯಾರಿಗೂ ವಾಸನೆ ಬಡಿಯದಿರಲಿ ಅಂತ.
ಒಂಬತ್ತು ಕಾಲೇಜುಗಳ ಪಟ್ಟಿ ಮಾಡಿದ್ದೆ.
ನಾಲ್ಕು, ಬಾಗಿಲಲ್ಲೇ
ನೂರೈವತ್ತು ಎಂದು ಹಲಗೆ ತೂಗುಹಾಕಿವೆ.

ಸೋಮವಾರ ಏಳಕ್ಕೆ ಕ್ಲಿನಿಕ್ಕು.
ಮಂಚ ಒರೆಸು, ಬಿಸಿಚೀಲ ಕಾಯಿಸು,
ರಬ್ಬರಿನ ಪಟ್ಟಿಗಳನ್ನು ಬಣ್ಣ ನೋಡಿ ನೇತುಹಾಕು:
ಹಳದಿ ಸಡಿಲ, ಕೆಂಪು ಕೊಂಚ ಬಿಗಿ, ಕಪ್ಪು ಯಾರಿಗೂ ಬೇಡ.
ಆರು ವರ್ಷದಿಂದ ನಾನಿಲ್ಲಿ ಸಹಾಯಕಿ,
ಅಂದರೆ ರೋಗಿಯ ಪಕ್ಕ ನಿಲ್ಲುವವಳು
ಓದಿದವರು ಬರುವ ತನಕ.
ಓದಿದ ಕೋಲೀನ್ ನನಗೆ ಶಿಫಾರಸು ಪತ್ರ ಕೊಟ್ಟಿದ್ದಾಳೆ:
ಶುಚಿತ್ವ, ಸಮಯಪಾಲನೆ, ನಗುಮುಖ.
ಒಳ್ಳೆಯ ಹೋಟೆಲಿನ ಬಗ್ಗೆ ಬರೆದಂತಿದೆ.

ಎಂಟಕ್ಕೆ ಸೆರಫಿಂ ಫುರ್ಟಾಡೊ.
ನಲವತ್ತು ವರ್ಷ ಚಿಪ್ಪುಮೀನಿನ ದೋಣಿಯ ಮೇಲೆ;
ಈಗ ಎಡ ಮಂಡಿಯೊಳಗೆ ಲೋಹ, ಪ್ಲಾಸ್ಟಿಕ್ಕು.
ಅಲುಗಾಡದ ನೆಲವನ್ನು ಅವನು ನಂಬುವುದಿಲ್ಲ.
'ಎಷ್ಟು ಬಂತು, ಡೆಲ್ಫೀನಾ?'
'ಶುಕ್ರವಾರ ಎಂಬತ್ತೆರಡಿತ್ತು' ಅಂದೆ.
'ನನ್ನ ಕಾಲಲ್ಲ. ನಿನ್ನ ಪರೀಕ್ಷೆ.'
ಹೇಳಿದೆ.
'ನೂರಕ್ಕೆ ನೂರ ನಲವತ್ತನಾಲ್ಕೇ!' ಹುಬ್ಬೇರಿಸಿದ.
ತಿದ್ದಲಿಲ್ಲ ನಾನು.
ಒಂದಿಡೀ ಬೆಳಗು ಒಬ್ಬನ ಕಣ್ಣಲ್ಲಾದರೂ ಜಾಣೆಯಾಗಿದ್ದೆ.

ಪರೀಕ್ಷೆಯಲ್ಲೂ ಒಂದು ಕೋನವಿತ್ತು.
ವೃತ್ತದೊಳಗೆ ತ್ರಿಕೋನ, ಎಕ್ಸ್ ಎಷ್ಟೆಂಬ ಪ್ರಶ್ನೆ,
ಮೂಲೆಯಲ್ಲಿ ಹಿಂದಕ್ಕೆ ಓಡುವ ಗಡಿಯಾರ.
ಆ ತ್ರಿಕೋನಕ್ಕೆ ನೋವಿರಲಿಲ್ಲ.
'ಇಲ್ಲಿ ಹಿಡಿಯುತ್ತಾ?' ಎಂದು ಕೇಳುವಂತಿರಲಿಲ್ಲ.
ಇಲ್ಲಾದರೆ, ಅಳತೆಪಟ್ಟಿ ಇಡುವ ಮೊದಲೇ,
ಹಿಮ್ಮಡಿ ಹಾಸಿಗೆಯ ಮೇಲೆ ಜಾರುವ ಸದ್ದಿಗೇ ತಿಳಿಯುತ್ತದೆ
ಇವತ್ತು ಮೂರು ಡಿಗ್ರಿ ಹೆಚ್ಚು ಅಂತ.
ಬರೆದುಕೊಳ್ಳುವುದು ಕೋಲೀನ್.
ಕೈಗುಣಕ್ಕೆ ಅರ್ಜಿಯಲ್ಲಿ ಖಾನೆ ಇಲ್ಲ,
ಹುಡುಕಿದೆ.

ಕೊನೆಯಲ್ಲೊಂದು ಚೌಕ ಮಾತ್ರ ಇದೆ:
ನಿಮ್ಮ ಅಂಕಗಳ ಕುರಿತು ವಿವರಿಸುವುದಿದ್ದರೆ,
ಇನ್ನೂರೈವತ್ತು ಪದ ಮೀರದಂತೆ.
ಬರೆದೆ: ಹಿಂದಿನ ರಾತ್ರಿ ಮಗಳಿಗೆ ಜ್ವರ.
ನಿಜ. ಆದರೂ ಅಳಿಸಿದೆ. ಜ್ವರವಿಲ್ಲದಿದ್ದರೂ
ಭಿನ್ನರಾಶಿಗಳು ನನ್ನ ಗುರುತು ಹಿಡಿಯುತ್ತಿರಲಿಲ್ಲ.
ಬರೆದೆ: ಅಂಕವೇ ನಾನಲ್ಲ.
ಕಾಫಿ ಲೋಟದ ಮೇಲೆ ಅಚ್ಚುಹಾಕುವ ಮಾತು. ಅಳಿಸಿದೆ.

ಸೆರಫಿಂಗೆ ಇವತ್ತು ಮೆಟ್ಟಿಲು.
ಮರದವು, ಮೂರೇ ಮೂರು, ಎಲ್ಲಿಗೂ ಹೋಗದವು,
ಹತ್ತಿ ಇಳಿಯುವುದಕ್ಕಷ್ಟೇ ಮಾಡಿದವು.
ಏರುವಾಗ ಒಳ್ಳೆ ಕಾಲು ಮೊದಲು,
ಇಳಿಯುವಾಗ ಕೆಟ್ಟ ಕಾಲು ಮೊದಲು.
ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ
ಸವೆದ ನಾಣ್ಯದಂಥ ಮಾತು.
ಮೇಲೆ ನಿಂತು ಕೆಳಗೆ ನೋಡಿದ, ಬಹಳ ಹೊತ್ತು.
ಅವನ ಸೊಂಟದ ಪಟ್ಟಿಯಲ್ಲಿ ನನ್ನ ಬೆರಳು.
'ಕೆಟ್ಟದ್ದನ್ನೇ ಮುಂದಿಡಬೇಕಾ?'
'ಹೂಂ. ಒಳ್ಳೆಯದು ಹಿಂದೆ ನಿಂತು ಹಿಡಿದಿರುತ್ತೆ.'
ಇಟ್ಟ.
ನಡುಗಿತು. ನಿಂತಿತು. ಭಾರ ತೆಗೆದುಕೊಂಡಿತು.
ನನ್ನ ಮಾತು ನನಗೇ ಕೇಳಿಸಿದ್ದು
ಆರು ವರ್ಷದಲ್ಲಿ ಅದೇ ಮೊದಲು.

ರಾತ್ರಿ ಮತ್ತೆ ಚೌಕ ತೆರೆದಿದ್ದೇನೆ.
ನೂರ ನಲವತ್ತನಾಲ್ಕು, ಎರಡು ಸಲ ಬರೆದ ಮೇಲೂ,
ಎಂದು ಮೊದಲ ಸಾಲು.
ಅದರ ಹಿಂದೆ ಇನ್ನೊಂದನ್ನು ಇಳಿಸಬೇಕು.
ಕರ್ಸರು ಮಿಟುಕುತ್ತಿದೆ.
ಒಳಕೋಣೆಯಿಂದ ಮಗಳು:
'ಏಳೆಂಟ್ಲಿ ಎಷ್ಟಮ್ಮಾ?'
ತಾಳು, ಅನ್ನುತ್ತೇನೆ, ಬೆರಳು ಮಡಚುತ್ತ,
ತಾಳು, ಬರುತ್ತೆ.